ಫೀಸಿಗೂ ಹಸುವಿಗೂ ಏನು ನಂಟು?

ಪ್ರಶ್ನೆ: ಇಂಗ್ಲಿಷಿನ 'ಫೀ' ಪದ ಮೂಲ ಜರ್ಮಾನಿಕ್ ಭಾಷೆಯ '*ಫೆಹು' ಎಂಬುದರಿಂದ ಬಂದಿದೆ, ಅದರ ಅರ್ಥ ದನ, ನಮ್ಮ 'ಪಶು' ಕೂಡ ಅದೇ ಪದ ಎಂದು ಎಲ್ಲೋ ಓದಿದೆ. ಇದು ನಿಜವೇ? ಆ ನಕ್ಷತ್ರದ ಗುರುತು ಯಾಕೆ? ಯಾರೂ ಬರೆದಿಡದ ಪದ ಹೀಗೇ ಇತ್ತು ಎಂದು ಹೇಗೆ ಹೇಳುತ್ತಾರೆ? ದನ ಹೋಗಿ ದುಡ್ಡು ಆಗಿದ್ದು ಹೇಗೆ? ಫೆಲೋ, ಫ್ಯೂಡಲ್, ಫ್ಯೂಡ್ ಇವೆಲ್ಲ ಇದೇ ಮನೆತನದವು ಅಂತಲೂ ಹೇಳುತ್ತಾರೆ, ಹೌದಾ?

ಉತ್ತರ: ಪಶುವಿನ ವಿಷಯ ಪೂರ್ತಿ ನಿಜ. ಫೀ ವಿಷಯವೂ ನಿಜವೇ, ಆದರೆ ಅದು ನೇರ ದಾರಿಯಲ್ಲಿ ಬಂದಿಲ್ಲ, ಫ್ರಾನ್ಸ್ ಸುತ್ತಿಕೊಂಡು ಬಂದಿದೆ. ಫೆಲೋ ಈ ಮನೆತನದ್ದೇ. ಫ್ಯೂಡಲ್, ಅಂದರೆ ಊಳಿಗಮಾನ್ಯ, ಬಹುಮಟ್ಟಿಗೆ ಹೌದು. ಫ್ಯೂಡ್, ಅಂದರೆ ಹಗೆತನ, ಇದಕ್ಕೆ ಸೇರಿದ್ದಲ್ಲ. ನೀವು ಕೇಳದೆ ಬಿಟ್ಟ ಒಂದು ಪದವನ್ನು ನಾನೇ ಸೇರಿಸುತ್ತೇನೆ: ನಮ್ಮ 'ಹಸು'.

ಮೊದಲು ನಕ್ಷತ್ರ. ಬರವಣಿಗೆಯಲ್ಲಿ ಎಲ್ಲೂ ಸಿಗದ, ಹೋಲಿಕೆಯಿಂದ ಲೆಕ್ಕ ಹಾಕಿ ಕಂಡುಕೊಂಡ ಪದ ಎಂಬುದಕ್ಕೆ ಅದು ಗುರುತು. ಮೂಲ ಜರ್ಮಾನಿಕ್ ಎಂದರೆ ಇಂಗ್ಲಿಷ್, ಜರ್ಮನ್, ಡಚ್, ಸ್ವೀಡಿಷ್, ಐಸ್‌ಲ್ಯಾಂಡಿಕ್ ಇವೆಲ್ಲದರ ತಾಯಿ. ಕ್ರಿ.ಪೂ. 500ರ ಆಸುಪಾಸಿನಲ್ಲಿ ದಕ್ಷಿಣ ಸ್ಕ್ಯಾಂಡಿನೇವಿಯ ಮತ್ತು ಉತ್ತರ ಜರ್ಮನಿಯ ಕಡೆ ಜನ ಆಡುತ್ತಿದ್ದ ಭಾಷೆ. ಆಗ ಅವರಿಗೆ ಲಿಪಿ ಇರಲಿಲ್ಲ. ಹಾಗಾಗಿ ತಾಯಿಯನ್ನು ನೋಡಬೇಕಾದರೆ ಮಕ್ಕಳ ಮುಖ ನೋಡಬೇಕು.

ಮಕ್ಕಳಲ್ಲಿ ಏನಿದೆ? ಈಗ ಅಳಿದುಹೋದ ಗಾಥಿಕ್‌ನಲ್ಲಿ 'ಫೆಹು'. ಹಳೆಯ ಸ್ಯಾಕ್ಸನ್‌ನಲ್ಲೂ 'ಫೆಹು'. ಹಳೆಯ ಹೈ ಜರ್ಮನ್‌ನಲ್ಲಿ 'ಫಿಹು', ಹಳೆಯ ಇಂಗ್ಲಿಷಿನಲ್ಲಿ 'ಫೆಓಹ್', ಸ್ಕ್ಯಾಂಡಿನೇವಿಯದ ಹಳೆಯ ಭಾಷೆಯಾದ ನಾರ್ಸ್‌ನಲ್ಲಿ 'ಫೇ'. ಜಾಸ್ತಿ ಜನ ಹೇಳಿದ್ದೇ ಸರಿ ಎಂದು ಇಲ್ಲಿ ಮತ ಎಣಿಸುವುದಿಲ್ಲ. ಒಂದೊಂದು ವ್ಯತ್ಯಾಸಕ್ಕೂ ಆಯಾ ಭಾಷೆಯೊಳಗೇ ಒಂದು ನಿಯಮ ಸಿಗಬೇಕು. ಹೈ ಜರ್ಮನ್‌ನಲ್ಲಿ 'ಎ' ಯಾಕೆ 'ಇ' ಆಯಿತು? ಮುಂದಿನ ಅಕ್ಷರದಲ್ಲಿ 'ಉ' ಇದ್ದರೆ ಅಲ್ಲಿ ಎಕಾರ ಇಕಾರವಾಗುವುದು ವಾಡಿಕೆ. ನಮ್ಮಲ್ಲೂ ಇಂಥದ್ದೇ ನಡೆದಿದೆ ನೋಡಿ: ತಮಿಳಿನಲ್ಲಿ 'ಚೆವಿ' ಆಗಿ ಉಳಿದ ಪದ ಕನ್ನಡದಲ್ಲಿ 'ಕಿವಿ' ಆಗಿದ್ದು ಮುಂದಿನ 'ಇ'ಕಾರದ ಎಳೆತಕ್ಕೆ. ಹಳೆಯ ಇಂಗ್ಲಿಷಿನಲ್ಲಿ ಹಕಾರದ ಮುಂಚಿನ 'ಎ' ಒಡೆದು 'ಎಓ' ಆಗುತ್ತದೆ. ನಾರ್ಸ್ ಭಾಷೆ ನಡುವಿನ ಹಕಾರವನ್ನೂ ಕೊನೆಯ ಉಕಾರವನ್ನೂ ನುಂಗಿ ಸ್ವರವನ್ನು ಉದ್ದ ಮಾಡಿಕೊಂಡಿತು. ಎಲ್ಲ ನಿಯಮಗಳನ್ನೂ ಹಿಂದಕ್ಕೆ ಓಡಿಸಿದರೆ ಬಂದು ನಿಲ್ಲುವ ಜಾಗ ಒಂದೇ: *ಫೆಹು.

ಈ ಲೆಕ್ಕವನ್ನು ಪರೀಕ್ಷೆ ಮಾಡುವುದು ಹೇಗೆ ಎಂಬ ಅನುಮಾನ ಬರಬಹುದು. ಫಿನ್ನಿಷ್ ಒಂದು ಒಳ್ಳೆಯ ಸಾಕ್ಷಿ. ಆ ಭಾಷೆಗೂ ಜರ್ಮಾನಿಕ್‌ಗೂ ರಕ್ತಸಂಬಂಧ ಇಲ್ಲ, ಆದರೆ ನೆರೆಹೊರೆ. ಅದು ಬಹಳ ಹಿಂದೆಯೇ ಕೆಲವು ಪದಗಳನ್ನು ಸಾಲ ಪಡೆದು, ಹೆಚ್ಚೂಕಮ್ಮಿ ಹಾಗೇ ಇಟ್ಟುಕೊಂಡಿದೆ. ರಾಜನಿಗೆ ವಿದ್ವಾಂಸರು ಲೆಕ್ಕ ಹಾಕಿದ ಮೂಲ ರೂಪ '*ಕುನಿಂಗಜ್'. ಫಿನ್ನಿಷ್‌ನಲ್ಲಿ ಇವತ್ತಿಗೂ ರಾಜನಿಗೆ 'ಕುನಿಂಗಸ್' ಎನ್ನುತ್ತಾರೆ. ಇಂಗ್ಲಿಷಿನ 'ಕಿಂಗ್' ನೋಡಿ ಆ ಬಾಲವನ್ನು ಊಹಿಸಲಿಕ್ಕೆ ಆಗುತ್ತದೆಯೇ? ನಕ್ಷತ್ರ ಹಾಕಿದ ಪದಗಳ ಮೇಲೆ ನನಗಿರುವ ನಂಬಿಕೆಗೆ ಇಂಥ ಸಾಕ್ಷಿಗಳೇ ಕಾರಣ.

ಈಗ ಇನ್ನೂ ಒಂದು ಮೆಟ್ಟಿಲು ಹಿಂದೆ ಹೋಗೋಣ. ಜರ್ಮಾನಿಕ್ ಭಾಷೆಗಳು, ಸಂಸ್ಕೃತ, ಲ್ಯಾಟಿನ್, ಗ್ರೀಕ್ ಎಲ್ಲ ಇಂಡೋ-ಯುರೋಪಿಯನ್ ಕುಟುಂಬದವು. ಡೆನ್ಮಾರ್ಕಿನ ರಾಸ್ಮಸ್ ರಾಸ್ಕ್ 1818ರಲ್ಲಿ, ಜರ್ಮನಿಯ ಯಾಕೋಬ್ ಗ್ರಿಮ್ 1822ರಲ್ಲಿ ತೋರಿಸಿಕೊಟ್ಟ ಒಂದು ನಿಯಮ ಇದೆ. ಗ್ರಿಮ್ ನಿಯಮ ಎಂದೇ ಅದಕ್ಕೆ ಹೆಸರು. ಇದೇ ಗ್ರಿಮ್ ತಮ್ಮನ ಜೊತೆ ಸೇರಿ ಜನಪದ ಕಥೆಗಳನ್ನು ಕೂಡಿಹಾಕಿದವರು. ಮೂಲದ 'ಪ' ಜರ್ಮಾನಿಕ್‌ನಲ್ಲಿ 'ಫ' ಆಗುತ್ತದೆ, 'ಕ' ಇದ್ದದ್ದು 'ಹ' ಆಗುತ್ತದೆ. ಸಂಸ್ಕೃತದ ಪಿತೃ ಇಂಗ್ಲಿಷಿನ ಫಾದರ್, ಪಾದ ಫುಟ್, ಪಂಚ ಫೈವ್. ಲ್ಯಾಟಿನ್ನಿನಲ್ಲಿ ನೂರಕ್ಕೆ 'ಕೆಂಟುಂ', ಇಂಗ್ಲಿಷಿನಲ್ಲಿ 'ಹಂಡ್ರೆಡ್'. ಅದೇ ನೂರು ಸಂಸ್ಕೃತದಲ್ಲಿ 'ಶತ', ಯಾಕೆಂದರೆ ಮೂಲದ ಒಂದು ಬಗೆಯ ಕಕಾರ ಸಂಸ್ಕೃತದಲ್ಲಿ ಶಕಾರವಾಗಿದೆ.

ಈಗ *ಫೆಹುವಿನ ಫಕಾರವನ್ನು ಪಕಾರ ಮಾಡಿ, ಹಕಾರವನ್ನು ಕಕಾರ ಮಾಡಿ. '*ಪೆಕು' ಸಿಗುತ್ತದೆ. ಲ್ಯಾಟಿನ್ನಿನಲ್ಲಿ ಅದು 'ಪೆಕು', ಅದರ ಜೊತೆಗೆ 'ಪೆಕುಸ್'. ಎರಡಕ್ಕೂ ಅರ್ಥ ಜಾನುವಾರು. ಸಂಸ್ಕೃತದಲ್ಲಿ ಕಕಾರ ಶಕಾರವಾಗಿ, ಎಕಾರ ಅಕಾರವಾಗಿ 'ಪಶು'. ಕೊನೆಯ ಉಕಾರ ಕೂಡ ಎಲ್ಲ ಕಡೆ ಅಲುಗಾಡದೆ ಕೂತಿದೆ. ಇದು ಸುಮ್ನೆ ಕಿವಿಗೆ ಹೋಲುವ ಹೋಲಿಕೆ ಅಲ್ಲ. ನಿಜ ಹೇಳಬೇಕೆಂದರೆ ಪಶುವೂ ಫೀಯೂ ಕಿವಿಗೆ ಒಂದಿಷ್ಟೂ ಹೋಲುವುದಿಲ್ಲ. ನಿಯಮ ಹಿಡಿದು ಹೋದರೆ ಮಾತ್ರ ಕೂಡುತ್ತವೆ, ಆದ್ದರಿಂದಲೇ ಈ ಸಂಬಂಧವನ್ನು ನಂಬಬಹುದು.

ಹಸುವಿನ ಕಥೆ ಇಲ್ಲಿಗೆ ಬಂದು ಸೇರುತ್ತದೆ. ಕನ್ನಡ ಸಂಸ್ಕೃತದಿಂದ 'ಪಶು'ವನ್ನು ಪಡೆಯಿತು. ತದ್ಭವದಲ್ಲಿ ಶಕಾರ ಸಕಾರವಾಗಿ, ಆಶೆ ಆಸೆಯಾದ ಹಾಗೆ, ಅದು 'ಪಸು' ಆಯಿತು. ಆಮೇಲೆ ಕನ್ನಡದಲ್ಲೇ ಒಂದು ದೊಡ್ಡ ಬದಲಾವಣೆ ನಡೆಯಿತು: ಪದದ ಮೊದಲಿನ ಪಕಾರ ಹಕಾರವಾಯಿತು. ಪಾಲು ಹೋಗಿ ಹಾಲು, ಪುಲಿ ಹೋಗಿ ಹುಲಿ, ಪೂ ಹೋಗಿ ಹೂ. ಆ ಅಲೆಗೆ ಸಿಕ್ಕಿ ಪಸು 'ಹಸು' ಆಯಿತು. ತಮಿಳಿಗೆ ಆ ಅಲೆ ಬಡಿಯಲಿಲ್ಲ, ಅಲ್ಲಿ ಹಸುವಿಗೆ ಈಗಲೂ 'ಪಸು'. ಅಂದರೆ ಎಲ್ಲೋ ಯುರೋಪಿನ ಉತ್ತರದಲ್ಲಿ ಈ ಪದದ ಪಕಾರ ತುಟಿ ಬಿಚ್ಚಿ ಫಕಾರವಾಗಿ ಸಾವಿರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, ಕರ್ನಾಟಕದಲ್ಲಿ ಅದೇ ಪಕಾರ ಹಕಾರವಾಗಿ ಸಡಿಲವಾಯಿತು. ಎರಡೂ ಬೇರೆ ಬೇರೆ ಘಟನೆಗಳು, ಒಂದಕ್ಕೊಂದು ಸಂಬಂಧ ಇಲ್ಲ. ಹೀಗೆ ಪಕಾರ ಸವೆಯುವುದು ಜಗತ್ತಿನ ಹಲವು ಭಾಷೆಗಳಲ್ಲಿ ಕಾಣುವ ಸಂಗತಿ.

ಇನ್ನು ಅರ್ಥ. ಇದೇ ಈ ಪದದ ನಿಜವಾದ ಜಗಳದ ಜಾಗ.

ಮಕ್ಕಳು ಏನು ಹೇಳುತ್ತಾರೆ ನೋಡಿ. ಜರ್ಮನ್ನಿನ 'ಫೀ' (ಬರೆಯುವುದು ಬೇರೆ ರೀತಿ, ಉಚ್ಚಾರ ಫೀ) ಮತ್ತು ಡಚ್ಚಿನ 'ಫೇ' ಎರಡಕ್ಕೂ ಅರ್ಥ ಜಾನುವಾರು, ಅಷ್ಟೇ. ದುಡ್ಡಿನ ಸುಳಿವಿಲ್ಲ. ಸ್ವೀಡಿಷ್‌ನ 'ಫೆ' ಇನ್ನೂ ಕೆಳಗಿಳಿದು ಬೈಗುಳವಾಗಿದೆ. ನಾವು ದಡ್ಡನಿಗೆ ದನ ಅನ್ನುವುದಿಲ್ಲವೇ, ಹಾಗೆ. ಗಾಥಿಕ್ ಪೂರ್ತಿ ಉಲ್ಟಾ. ನಾಲ್ಕನೇ ಶತಮಾನದಲ್ಲಿ ಬಿಷಪ್ ವುಲ್ಫಿಲ ಗ್ರೀಕಿನಿಂದ ಬೈಬಲ್ಲನ್ನು ಗಾಥಿಕ್‌ಗೆ ತಂದ. ಅದರ ಉಳಿದ ಭಾಗಗಳಲ್ಲಿ 'ಫೆಹು' ಬಂದಲ್ಲೆಲ್ಲ ಅರ್ಥ ಹಣ ಅಥವಾ ಆಸ್ತಿ. ಯೇಸುವನ್ನು ಹಿಡಿದುಕೊಡಲು ಬಂದ ಯೂದನಿಗೆ ಪುರೋಹಿತರು ಕೊಡುತ್ತೇವೆಂದದ್ದು 'ಫೆಹು'. ದುಡ್ಡಿನಾಸೆಯವನಿಗೆ 'ಫೆಹುಫ್ರಿಕ್ಸ್'. ಹಂದಿಯ ಹಿಂಡು ಬಂದಾಗ ವುಲ್ಫಿಲ ಬೇರೆ ಪದವನ್ನೇ ಬಳಸುತ್ತಾನೆ. ಹಳೆಯ ಇಂಗ್ಲಿಷಿನಲ್ಲಿ ದನ, ಆಸ್ತಿ, ಹಣ ಮೂರೂ ಅರ್ಥ ಒಟ್ಟಿಗಿವೆ.

ಐಸ್‌ಲ್ಯಾಂಡಿನವರು ಇವತ್ತಿಗೂ ಎರಡನ್ನೂ ಬಿಟ್ಟುಕೊಟ್ಟಿಲ್ಲ. ಅಲ್ಲಿ 'ಫ್ಯೆ' ಎಂದರೆ ಹಣವೂ ಹೌದು, ಕುರಿಯೂ ಹೌದು. ಅದರ ಷಷ್ಠಿ ರೂಪ 'ಫ್ಯಾರ್'. 'ಫ್ಯಾರ್‌ಹೂಸ್' ಎಂದರೆ ಕುರಿದೊಡ್ಡಿ. 'ಫ್ಯಾರ್‌ಮಾಲ್' ಎಂದರೆ ಹಣಕಾಸು. ಆ ದೇಶದ ಹಣಕಾಸು ಸಚಿವರ ಹುದ್ದೆಯ ಹೆಸರು ಶುರುವಾಗುವುದೂ ಕುರಿ ಕಾಯುವ ನಾಯಿಯ ಹೆಸರು ಶುರುವಾಗುವುದೂ ಒಂದೇ ಅಕ್ಷರಗಳಿಂದ. ಈ ಪದದ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಸಂಗತಿ ಇದೇ.

ಸಾಮಾನ್ಯವಾಗಿ ಹೇಳುವ ಕಥೆ ಸುಲಭವಾಗಿದೆ. ಮೊದಲು ದನ ಇತ್ತು, ದನವೇ ಸಂಪತ್ತು, ಆಮೇಲೆ ನಾಣ್ಯ ಬಂತು, ಹೆಸರು ನಾಣ್ಯಕ್ಕೆ ಹೋಯಿತು. ಇದಕ್ಕೆ ಆಧಾರವೂ ಇದೆ. ರೋಮಿನ ಟ್ಯಾಸಿಟಸ್ ಕ್ರಿ.ಶ. 98ರ ಸುಮಾರಿಗೆ ಜರ್ಮನರ ಬಗ್ಗೆ ಬರೆಯುತ್ತಾ, ಅವರಿಗೆ ದನಗಳೇ ಏಕೈಕ ಮತ್ತು ಅಚ್ಚುಮೆಚ್ಚಿನ ಸಂಪತ್ತು ಎನ್ನುತ್ತಾನೆ. ತಪ್ಪು ಮಾಡಿದವರು ದಂಡವನ್ನು ಕುದುರೆ, ದನಗಳಲ್ಲಿ ಕಟ್ಟುತ್ತಿದ್ದರು. ಕೊಲೆಗೂ ಇಷ್ಟು ದನ, ಇಷ್ಟು ಕುರಿ ಎಂದು ಪರಿಹಾರ ಕೊಟ್ಟು ರಾಜಿಯಾಗುತ್ತಿದ್ದರು. ಪದದ ಬೇರೂ ಇದೇ ಕಡೆ ಕೈ ತೋರಿಸುತ್ತದೆ ಎಂದು ಬಹಳ ವಿದ್ವಾಂಸರ ಅಭಿಪ್ರಾಯ. '*ಪೆಕ್' ಎಂಬ ಧಾತುವಿಗೆ ಉಣ್ಣೆ ಕೀಳು, ಬಾಚು ಎಂಬ ಅರ್ಥ. ಲ್ಯಾಟಿನ್ನಿನಲ್ಲಿ ಬಾಚಣಿಗೆಗೆ 'ಪೆಕ್ಟೆನ್'. ಹಾಗಾದರೆ *ಪೆಕು ಎಂದರೆ ಉಣ್ಣೆ ಕೊಡುವ ಪ್ರಾಣಿ, ಕುರಿ. ಕುರ್ದಿಷ್‌ನ 'ಪೆಜ್', ಕಾಕಸಸ್ ಪರ್ವತದ ಒಸೆಟಿಕ್‌ನ 'ಫಿಸ್', ಇವೆಲ್ಲ ಪಶುವಿನ ಹತ್ತಿರದ ನೆಂಟರು, ಇವಕ್ಕೆ ಅರ್ಥ ಕುರಿಯೇ.

ಆದರೆ 1969ರಲ್ಲಿ ಫ್ರೆಂಚ್ ಭಾಷಾವಿಜ್ಞಾನಿ ಎಮಿಲ್ ಬೆಂವೆನಿಸ್ಟ್ ಈ ಕಥೆಯನ್ನು ತಲೆಕೆಳಗು ಮಾಡಿದರು. ಮೂಲದ ಅರ್ಥ 'ಚರ ಆಸ್ತಿ', ಅಂದರೆ ನೆಲದ ಹಾಗೆ ಕೂತಿರದೆ ನಮ್ಮ ಜೊತೆ ಬರುವ ಆಸ್ತಿ, ದನ ಕುರಿ ಎಂಬ ಅರ್ಥ ಆಮೇಲಿನದು ಎಂಬುದು ಅವರ ವಾದ. ಅವರ ಸಾಕ್ಷಿಗಳು ಸಾಮಾನ್ಯವಲ್ಲ. ಇಟಲಿಯ ಗುಬ್ಬಿಯೊ ಊರಿನಲ್ಲಿ ಸಿಕ್ಕ ಏಳು ಕಂಚಿನ ಫಲಕಗಳಲ್ಲಿ ಉಂಬ್ರಿಯನ್ ಭಾಷೆಯ ಪ್ರಾರ್ಥನೆಗಳಿವೆ. ಅಲ್ಲಿ 'ವಿರೊ ಪೆಕ್ವೊ' ಎಂದು ಜೋಡಿಯಾಗಿ ಬರುತ್ತದೆ: ಆಳುಗಳನ್ನೂ ಪಶುಗಳನ್ನೂ ಕಾಪಾಡು ಎಂದು. ಇರಾನಿನ ಹಳೆಯ ಧರ್ಮಗ್ರಂಥ ಅವೆಸ್ತಾದಲ್ಲೂ 'ಪಸು ವೀರ' ಎಂಬ ಅದೇ ಜೋಡಿ. ನಮ್ಮ ಅಥರ್ವವೇದದಲ್ಲಿ ಐದು ಪಶುಗಳ ಪಟ್ಟಿ ಇದೆ: ಹಸು, ಕುದುರೆ, ಮನುಷ್ಯ, ಮೇಕೆ, ಕುರಿ. ಮನುಷ್ಯ ಹೇಗೆ ಪಶುವಾದ? ಮನೆಯ ಯಜಮಾನನ ಆಸ್ತಿಯ ಲೆಕ್ಕದಲ್ಲಿ ಆಳುಗಳೂ ಸೇರುತ್ತಿದ್ದರು ಎಂಬುದು ಬೆಂವೆನಿಸ್ಟ್ ಕೊಡುವ ವಿವರಣೆ.

ಸಂಪತ್ತಿನಿಂದ ದನದ ಕಡೆಗೆ ಅರ್ಥ ಹರಿಯುವುದು ಸಾಧ್ಯವೇ ಎಂದು ಕೇಳಿದರೆ, ಕನ್ನಡಿಗರು ದೂರ ಹುಡುಕಬೇಕಿಲ್ಲ. ನಮ್ಮ 'ದನ' ಪದವೇ ಸಂಸ್ಕೃತದ 'ಧನ'ದ ತದ್ಭವ. ಸಂಪತ್ತು ಎಂಬ ಪದವೇ ಹಟ್ಟಿಯ ಪ್ರಾಣಿಗೆ ಹೆಸರಾಗಿ ನಿಂತಿದೆ. ಪಂಜಾಬಿನ ಹಳ್ಳಿಗಳಲ್ಲಿ ದನಕರುಗಳಿಗೆ 'ಮಾಲ್' ಎನ್ನುವುದೂ ಇದೇ ಜಾಡು. ಇಂಗ್ಲಿಷಿನ 'ಕ್ಯಾಟಲ್' ಕೂಡ ಹಾಗೇ. ಲ್ಯಾಟಿನ್ನಿನಲ್ಲಿ ತಲೆಗೆ 'ಕಾಪುಟ್', ಅದರಿಂದ ಬಂಡವಾಳ, ಮುಖ್ಯ ಆಸ್ತಿ ಎಂಬ ಅರ್ಥದ 'ಕಾಪಿಟಾಲೆ', ಅದರಿಂದ ನಾರ್ಮನ್ ಫ್ರೆಂಚಿನ 'ಕಟೆಲ್'. ಇಂಗ್ಲಿಷಿಗೆ ಬಂದಾಗ ಅದು ಬರೀ ಆಸ್ತಿ. ಹಳ್ಳಿಯವನ ಆಸ್ತಿ ದನವೇ ಆದ್ದರಿಂದ ಕ್ರಮೇಣ ದನಕ್ಕೆ ಗಂಟುಬಿತ್ತು. ಅಂದರೆ ಕ್ಯಾಪಿಟಲ್ ಮತ್ತು ಕ್ಯಾಟಲ್ ಒಡಹುಟ್ಟಿದವು.

ನನ್ನ ಅಭಿಪ್ರಾಯ ಕೇಳಿದರೆ, ತೀರಾ ಹಳೆಯ ಪದರದಲ್ಲಿ ಕುರಿಯೇ ಇತ್ತು ಎನ್ನುವ ಕಡೆಗೆ ವಾಲುತ್ತೇನೆ. ಉಣ್ಣೆಯ ಬೇರು ಮತ್ತು ಇರಾನಿ ಭಾಷೆಗಳ ಸಾಕ್ಷಿಯನ್ನು ತಳ್ಳಿಹಾಕುವುದು ಕಷ್ಟ. ಆದರೆ ನೀವು ಕೇಳಿದ್ದು *ಫೆಹು ಬಗ್ಗೆ, *ಪೆಕು ಬಗ್ಗೆ ಅಲ್ಲ. ಆ ಹೊತ್ತಿಗೆ ಪದದೊಳಗೆ ಎರಡು ಅರ್ಥವೂ ಮನೆ ಮಾಡಿದ್ದವು ಎಂಬುದು ಮಕ್ಕಳ ಮಾತಿನಿಂದಲೇ ಸ್ಪಷ್ಟ. ಆದ್ದರಿಂದ 'ದನ ಹೋಗಿ ದುಡ್ಡು ಆಯಿತು' ಎಂಬ ಒಮ್ಮುಖದ ಕಥೆಯನ್ನು ನಾನು ಒಪ್ಪುವುದಿಲ್ಲ.

ರೂನ್ ಲಿಪಿಯ ಬಗ್ಗೆ ಒಂದು ಮಾತು. ಮುಂದೆ ಲಿಪಿ ಬಂದ ಮೇಲೆ ಜರ್ಮಾನಿಕ್ ಜನ ಕಲ್ಲು, ಮರ, ಲೋಹದ ಮೇಲೆ ಕೊರೆಯುತ್ತಿದ್ದ 24 ಅಕ್ಷರಗಳಲ್ಲಿ ಮೊದಲನೆಯ 'ಫ್' ಅಕ್ಷರದ ಹೆಸರೇ ಈ ಪದ. ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದ ಕಿಲ್ವರ್ ಕಲ್ಲಿನಲ್ಲಿ, ಸುಮಾರು ಕ್ರಿ.ಶ. 400ರದ್ದು, ಇಡೀ ಅಕ್ಷರಮಾಲೆ ಸಾಲಾಗಿ ಸಿಗುತ್ತದೆ. ಅಕ್ಷರಗಳ ಹೆಸರು ಗೊತ್ತಾಗುವುದು ಮುಂದಿನ ಕಾಲದ ಪದ್ಯಗಳಿಂದ. ಹಳೆಯ ಇಂಗ್ಲಿಷಿನ ಪದ್ಯ, ಹಣ ಎಲ್ಲರಿಗೂ ನೆಮ್ಮದಿ, ಆದರೆ ಧಾರಾಳವಾಗಿ ಹಂಚಬೇಕು ಎನ್ನುತ್ತದೆ. ಅದರ ಹಸ್ತಪ್ರತಿ 1731ರ ಬೆಂಕಿಯಲ್ಲಿ ಸುಟ್ಟುಹೋಯಿತು. 1705ರಲ್ಲಿ ಅಚ್ಚಾಗಿದ್ದರಿಂದ ಪದ್ಯ ಉಳಿಯಿತು. ನಾರ್ವೆಯ ಪದ್ಯಕ್ಕೆ ಅಷ್ಟು ದಾಕ್ಷಿಣ್ಯ ಇಲ್ಲ: ಹಣ ನೆಂಟರಲ್ಲಿ ಜಗಳ ಹಚ್ಚುತ್ತದೆ ಎಂದು ನೇರವಾಗಿ ಹೇಳಿಬಿಡುತ್ತದೆ. ಆ ಅಕ್ಷರದ ಆಕಾರ ದನದ ಕೊಂಬಿನ ಹಾಗಿದೆ ಎಂದು ಕೆಲವರು ಹೇಳುತ್ತಾರೆ. ನಂಬಬೇಡಿ. ಅದು ದಕ್ಷಿಣ ಯುರೋಪಿನ ಲಿಪಿಗಳ ಎಫ್ ಅಕ್ಷರದಿಂದ ಬಂದದ್ದು.

ಈಗ ಇಂಗ್ಲಿಷಿನ ಫೀ. ಹಳೆಯ ಇಂಗ್ಲಿಷಿನ 'ಫೆಓಹ್' ನೇರವಾಗಿ ಫೀ ಆಯಿತು ಎಂದು ಬಹಳ ಕಡೆ ಬರೆದಿರುತ್ತಾರೆ. ಅದು ಸರಿಯಲ್ಲ. ಇತ್ತ ಫ್ರಾನ್ಸನ್ನು ಆಳಿದ ಫ್ರಾಂಕರೂ ಜರ್ಮಾನಿಕ್ ಜನವೇ. ಅವರ *ಫೆಹು ಅಲ್ಲಿನ ಮಾತಿಗೆ ಸೇರಿ, ದೊರೆಗೆ ಸೇವೆ ಮಾಡುವ ಕರಾರಿನ ಮೇಲೆ ಸಿಕ್ಕ ಭೂಮಿ ಎಂಬ ಅರ್ಥ ಪಡೆಯಿತು. ಓಡಾಡುವ ಆಸ್ತಿಯ ಹೆಸರು ಅಲುಗಾಡದ ಆಸ್ತಿಗೆ ಹೋದದ್ದು ಹೀಗೆ. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಕಾನೂನಿನ ಭಾಷೆಯ ಮೂಲಕ ಅದು 'ಫೀ' ಎಂದು ಇಂಗ್ಲಿಷಿಗೆ ಬಂತು. ಇಂಗ್ಲಿಷ್ ಆಸ್ತಿ ಕಾನೂನಿನಲ್ಲಿ 'ಫೀ ಸಿಂಪಲ್' ಎಂದರೆ ಇವತ್ತಿಗೂ ಜಮೀನಿನ ಪೂರ್ಣ ಹಕ್ಕು. ಹುದ್ದೆಗಳನ್ನೂ ಹೀಗೇ ದೊರೆ ಕೊಡುತ್ತಿದ್ದುದರಿಂದ, ಆ ಹುದ್ದೆಯವನಿಗೆ ಸಲ್ಲಬೇಕಾದ ಹಣವೂ ಫೀ ಆಯಿತು. ಅಲ್ಲಿಂದ ವಕೀಲರ ಫೀ, ಶಾಲೆಯ ಫೀ. ನಾವು ಅದರ ಬಹುವಚನವನ್ನೇ ಏಕವಚನ ಮಾಡಿಕೊಂಡು 'ಫೀಸು' ಕಟ್ಟುತ್ತಿದ್ದೇವೆ. ಸ್ವಂತ ಮನೆಯ 'ಫೆಓಹ್' ಮಾತ್ರ ಇಂಗ್ಲಿಷಿನಲ್ಲಿ ಮಾಯವಾಯಿತು. ಒಂದು ಕಡೆ ದನದ ಪದ ದುಡ್ಡಾಗಿ, ಇನ್ನೊಂದು ಕಡೆ ಆಸ್ತಿಯ ಪದ ಕ್ಯಾಟಲ್ ಆಗಿ, ಎರಡೂ ಜಾಗ ಬದಲಿಸಿಕೊಂಡಿವೆ.

ಫ್ಯೂಡಲ್ ಪದದ ಹಿಂದಿರುವುದು ಮಧ್ಯಯುಗದ ಲ್ಯಾಟಿನ್ನಿನ 'ಫೆಉಡುಂ'. ಮೊದಲ ಭಾಗ *ಫೆಹು ಎಂಬುದನ್ನು ಹೆಚ್ಚಿನವರು ಒಪ್ಪುತ್ತಾರೆ. ಆ ಡಕಾರ ಎಲ್ಲಿಂದ ಬಂತು ಎಂಬ ಬಗ್ಗೆ ಜಗಳ ಇದೆ. ಫ್ಯೂಡ್ ಬೇರೆ. ಅದು ಶತ್ರು ಎಂಬ ಅರ್ಥದ 'ಫೋ' ಪದದ ಕಡೆಯದು. ಆಸ್ತಿಗಾಗಿ ಹಗೆ ಹುಟ್ಟುತ್ತದೆ ನಿಜ, ಆದರೆ ಪದಗಳು ಹಾಗೆ ಹುಟ್ಟುವುದಿಲ್ಲ.

ಫೆಲೋ ಮಜವಾದ ಪದ. ನಾರ್ಸ್ ಭಾಷೆಯ 'ಫೇಲಗಿ' ಎಂದರೆ ಹಣ ಒಟ್ಟಿಗೆ ಇಟ್ಟವನು, ವ್ಯಾಪಾರದ ಪಾಲುದಾರ. ಆ ಭಾಷೆಯಾಡುವ ವೈಕಿಂಗರು ಇಂಗ್ಲೆಂಡಿನಲ್ಲಿ ನೆಲೆಸಿದಾಗ ಪದವೂ ಇಳಿಯಿತು. ಪಾಲುದಾರ ಜೊತೆಗಾರನಾದ, ಜೊತೆಗಾರ ಯಾವನೋ ಒಬ್ಬನಾದ. ಕಾಲೇಜಿನ ಆಸ್ತಿ, ಆದಾಯದಲ್ಲಿ ಪಾಲು ಇದ್ದವನೂ ಫೆಲೋ ಆದ. ಇವತ್ತು ನಮ್ಮ ಸಂಶೋಧನಾ ವಿದ್ಯಾರ್ಥಿಗಳು ಕಾಯುವ ಫೆಲೋಶಿಪ್ ಹಣದಲ್ಲಿ ಆ ಹಳೆಯ *ಫೆಹು ಕೂತಿದೆ.

ಲ್ಯಾಟಿನ್ ಕಡೆಯ ಸಂತಾನ ನೀವು ಕೇಳಿಲ್ಲ, ಬೇಗ ಹೇಳಿ ಮುಗಿಸುತ್ತೇನೆ. ಹಣಕ್ಕೆ 'ಪೆಕುನಿಯ'. ಮಗನಿಗೋ ಗುಲಾಮನಿಗೋ ಯಜಮಾನ ಬಿಟ್ಟುಕೊಟ್ಟ ಸಣ್ಣ ಆಸ್ತಿಗೆ 'ಪೆಕುಲಿಯುಂ'. ಅದರಿಂದ ತನ್ನದೇ ಆದ, ಆಮೇಲೆ ಎಲ್ಲರಂತಲ್ಲದ, ಕೊನೆಗೆ ವಿಚಿತ್ರ ಎಂಬ ಅರ್ಥದ 'ಪೆಕ್ಯೂಲಿಯರ್'.

ಒಂದು ಎಚ್ಚರಿಕೆ ಮಾತ್ರ ಬೇಕು. ಪಶು ಪದಕ್ಕೆ ನಮ್ಮಲ್ಲಿ ಬೇರೆ ವಿವರಣೆಗಳಿವೆ. ಶತಪಥ ಬ್ರಾಹ್ಮಣ ಅದನ್ನು 'ನೋಡು' ಎಂಬ ಅರ್ಥದ ಧಾತುವಿಗೆ ಕಟ್ಟುತ್ತದೆ: ಕಂಡದ್ದರಿಂದ ಪಶು. ಶೈವರು ಪಾಶಕ್ಕೆ ಕಟ್ಟುತ್ತಾರೆ: ಪಾಶಕ್ಕೆ ಸಿಕ್ಕಿದವನು ಪಶು, ಬಿಡಿಸುವವನು ಪಶುಪತಿ. ತತ್ವವಾಗಿ ಎರಡನೆಯದು ಬಹಳ ಸೊಗಸು. ಆದರೆ ಪದದ ಚರಿತ್ರೆ ಬೇರೆ. 'ನೋಡು' ಎಂಬ ಆ ಧಾತುವಿನ ಹಳೆಯ ರೂಪದಲ್ಲಿ ಮುಂದೆ ಒಂದು ಸಕಾರ ಇತ್ತು. ಗೂಢಚಾರ ಎಂಬ ಅರ್ಥದ 'ಸ್ಪಶ'ದಲ್ಲಿ ಅದು ಇನ್ನೂ ಇದೆ. ಪಶುವಿನ ನೆಂಟರಲ್ಲಿ ಯಾರಿಗೂ ಆ ಸಕಾರ ಇಲ್ಲ.

ಹಾಗಾದರೆ ಹಸುವೂ ಫೀಸೂ ಕನ್ನಡದಲ್ಲಿ ಒಂದೇ ಪದವೇ? ಒಂದೇ ಬೇರಿನವು, ಆದರೆ ಎರಡೂ ಕನ್ನಡಕ್ಕೆ ಹೊರಗಿನಿಂದ ಬಂದವು: ಒಂದು ಸಂಸ್ಕೃತದ ದಾರಿಯಲ್ಲಿ, ಇನ್ನೊಂದು ಇಂಗ್ಲಿಷಿನ ದಾರಿಯಲ್ಲಿ. ಕನ್ನಡ ಇಂಡೋ-ಯುರೋಪಿಯನ್ ಕುಟುಂಬದ್ದಲ್ಲ. ನಮ್ಮ ಸ್ವಂತ ಪದಗಳು ಆವು, ಆಕಳು, ಎಮ್ಮೆ, ಎತ್ತು, ಮತ್ತೆ ವೀರಗಲ್ಲುಗಳ ತುರುಗೋಳಿನಲ್ಲಿ ಬರುವ 'ತುರು'. *ಫೆಹುವಿಗೂ ಇವಕ್ಕೂ ಯಾವ ನಂಟೂ ಇಲ್ಲ.